ಕಬ್ಬು ತಿನ್ನುವ ಡೈನೋಸಾರ್

ಬೇಸಿಗೆ ರಜೆಗೆ ಅಕ್ಕನ ಮಕ್ಕಳಿಬ್ಬರೂ ಊರಿಗೆ ಬಂದಿದ್ದಾರೆ. ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಮನೆ ಹಿಂದೆ ನಾಲೆ, ನಾಲೆ ಆಚೆಗೆ ಕಬ್ಬು. ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗದಂಥ ಬಿಸಿಲು. ಊಟ ಆದ ಮೇಲೆ ಮೂವರೂ ಜಗುಲಿ ಮೇಲೆ ಚಾರ್ಟ್ ಹಾಳೆ ಹಾಸಿಕೊಂಡು ಕೂರುತ್ತೇವೆ. ಸೆಕೆಗೆ ಕ್ರಯಾನ್ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಬರೆಯುವುದು ಡೈನೋಸಾರ್‌ಗಳನ್ನು. ಪುಸ್ತಕದಲ್ಲಿ ಇರುವವಲ್ಲ, ನಾವೇ ಹುಟ್ಟಿಸಿದವು.

ಮೊದಲ ಎರಡು ದಿನ ಎಲ್ಲವೂ ಹಸಿರು. ಬೆನ್ನ ತುಂಬ ಮುಳ್ಳು, ಬಾಯಿ ತುಂಬ ಕೋರೆಹಲ್ಲು. ಮೂರನೇ ದಿನ ಅವ್ವ ಬಂದು ಪಕ್ಕದಲ್ಲಿ ಕೂತಳು. ಮದುವೆಯಾಗಿ ಬಂದಾಗಿನಿಂದ ದನ ಸಾಕಿದವಳು ಅವಳು. ಹಾಳೆ ನೋಡಿ ಕೇಳಿದ್ದು ಇಷ್ಟೇ:

"ಏನ್ ತಿಂತದೆ ಮಗ ಇದು?"

ಹುಡುಗಿಗೆ ಏಳು ವರ್ಷ. ಸ್ವಲ್ಪ ಹೊತ್ತು ಯೋಚಿಸಿದಳು. "ಕಬ್ಬು ತಿನ್ನುತ್ತೆ ಅಜ್ಜಿ."

"ಕಬ್ಬು ತಿನ್ನೋದಕ್ಕೆ ಕೋರೆ ಯಾಕೆ?"

ರಬ್ಬರ್ ತಗೊಂಡು ಕೋರೆಹಲ್ಲು ಅಳಿಸಿಬಿಟ್ಟಳು. ಉದ್ದ ಕತ್ತಿನ ಡೈನೋಸಾರ್‌ಗಳು ಅಗಿಯುತ್ತಲೇ ಇರಲಿಲ್ಲ, ಸಣ್ಣ ಗೂಟದಂಥ ಹಲ್ಲಿನಲ್ಲಿ ಸೊಪ್ಪು ಕಿತ್ತು ಹಾಗೇ ನುಂಗುತ್ತಿದ್ದವು ಅಂತ ನಾನು ಹೇಳಿದೆ. "ಹಂಗಾದ್ರೆ ಹೊಟ್ಟೆ ದೊಡ್ಡದಿರಬೇಕು, ಅಲ್ಲೇ ಕೊಳೀಬೇಕಲ್ಲ" ಅಂದಳು ಅವ್ವ. ಅವಳು ಹೇಳಿದ್ದು ಸರಿ. ಆ ಪ್ರಾಣಿಗಳಿಗೆ ಅಷ್ಟು ದೊಡ್ಡ ಹೊಟ್ಟೆ ಬೇಕಾಗಿದ್ದೇ ಅದಕ್ಕೆ. ಹುಡುಗಿ ಹೊಟ್ಟೆಯನ್ನು ಹಾಳೆಯ ಅಂಚಿನವರೆಗೆ ಎಳೆದಳು. ನೀರು ಎಲ್ಲಿ ಕುಡೀತದೆ, ಮೊಟ್ಟೆ ಎಲ್ಲಿ ಇಡ್ತದೆ ಅಂತ ಮತ್ತೆರಡು ಪ್ರಶ್ನೆ ಬಂದವು. ಕತ್ತು ನಾಲೆಯವರೆಗೆ ಬೆಳೆಯಿತು. ಕಬ್ಬಿನ ಸಾಲಿನ ನಡುವೆ ಆರು ಮೊಟ್ಟೆ ಬಂದವು.

ಕಬ್ಬು ತಿನ್ನುವ ಡೈನೋಸಾರ್ ಬರೀ ಕಲ್ಪನೆ ಅಂತ ನಿಮಗೆ ಅನ್ನಿಸಬಹುದು. ಆದರೆ ಕಬ್ಬು ಹುಲ್ಲಿನ ಜಾತಿಗೆ ಸೇರಿದ್ದು. ಭತ್ತ, ರಾಗಿ ಕೂಡ ಅದೇ ಕುಟುಂಬ. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ ತುಂಬಾ ದಿನ ನಂಬಿದ್ದರು. ಮಹಾರಾಷ್ಟ್ರದ ಪಿಸ್ಡೂರ ಎಂಬ ಊರಿನ ಹತ್ತಿರ ಕಲ್ಲಾಗಿಹೋದ ಡೈನೋಸಾರ್ ಲದ್ದಿ ಸಿಕ್ಕಿತ್ತು. ಅದರೊಳಗೆ ಹುಲ್ಲಿನ ಕಣಗಳಿವೆ ಅಂತ 2005ರಲ್ಲಿ ಗೊತ್ತಾಯಿತು. ಹುಲ್ಲಿನಲ್ಲಿ ಗಾಜಿನಂಥ ಸಿಲಿಕಾ ಕಣಗಳು ಇರುತ್ತವೆ. ಹುಲ್ಲು ಕೊಳೆತರೂ ಅವು ಉಳಿಯುತ್ತವೆ. ಕಬ್ಬಿನ ಗರಿ ಕೈ ಕುಯ್ಯುವುದರಲ್ಲೂ ಈ ಸಿಲಿಕಾದ ಪಾಲಿದೆ. ಇದನ್ನು ಹೇಳಿದಾಗ ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ಸಗಣಿ ನೋಡಿದ್ರೆ ಏನ್ ತಿಂದದೆ ಅಂತ ಗೊತ್ತಾಗಲ್ವಾ?"

ಆಮೇಲೆ ಬಣ್ಣದ ಮಾತು. ಐದು ವರ್ಷದ ಹುಡುಗ ತನ್ನದಕ್ಕೆ ಕೆಂಪು ತಲೆ ಹಾಕಿದ್ದ. ಅವನಕ್ಕ ತಪ್ಪು ಅಂದಳು, ಇವನು ಅತ್ತ. ಬೇಲಿ ಮೇಲೆ ಓತಿಕ್ಯಾತ ಕೂತಿತ್ತು. ಅದನ್ನು ತೋರಿಸಿದೆ. ಬೆದೆಯ ಕಾಲಕ್ಕೆ ಗಂಡು ಓತಿಕ್ಯಾತದ ತಲೆ, ಗಂಟಲು ಕೆಂಪಗಾಗುತ್ತವೆ. ಚೀನಾದಲ್ಲಿ ಸಿಕ್ಕ ಸೈನೋಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಬಾಲದಲ್ಲಿ ಕೆಂಗಂದು, ಬಿಳಿ ಪಟ್ಟೆ ಇತ್ತು ಅಂತ 2010ರಲ್ಲಿ ಕಂಡುಹಿಡಿದರು. ಮೈಮೇಲಿನ ನವಿರು ಗರಿಗಳಲ್ಲಿ ಬಣ್ಣದ ಕಣಗಳು ಕಲ್ಲಿನೊಳಗೂ ಉಳಿದಿದ್ದವು. ಆ ಕಣಗಳ ಆಕಾರ ನೋಡಿ ಬಣ್ಣ ಹೇಳಿದರು. ಎಷ್ಟು ಚೆಂದ ಅಲ್ವಾ! ಹುಡುಗ ಕಣ್ಣು ಒರೆಸಿಕೊಂಡು ಬಾಲಕ್ಕೂ ಪಟ್ಟೆ ಎಳೆದ.

ಹೆಸರು ಇಡುವ ಹೊತ್ತಿಗೆ ಸಂಜೆಯಾಗಿತ್ತು. ಸಾರಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಹಲ್ಲಿ ಅಂದೆ. "ಹಾಗಾದ್ರೆ ಕಬ್ಬುಹಲ್ಲಿ" ಅಂದಳು ಹುಡುಗಿ. ಹಿಂಗಾಲಿನ ಹತ್ತಿರ ಒಂದು ಗುಡ್ಡೆ ಲದ್ದಿ ಬರೆದಳು. ಅದಕ್ಕೆ ಯಾವ ಬಣ್ಣ ಅಂತ ನನ್ನನ್ನು ಕೇಳಲಿಲ್ಲ. ಮೂರು ಕ್ರಯಾನ್ ಹಿಡಿದುಕೊಂಡು, ಹಾಲು ಕರೆಯುತ್ತಿದ್ದ ಅಜ್ಜಿ ಹತ್ತಿರ ಕೊಟ್ಟಿಗೆಗೆ ಓಡಿದಳು.