ಹಿರಣ್ಯಕೇಶಿಯ ಕುಂಡದಲ್ಲಿ ಬೆರಳುದ್ದದ ಮೀನು

ಗೋವಾದ ಮಾಪ್ಸಾದಲ್ಲಿ ನೆಲೆಸಿರುವ ನಮ್ಮಂಥ ಸಂಕೇಶ್ವರದ ಕಡೆಯವರಿಗೆ ಊರಿನ ದಾರಿ ಎಂದರೆ ಬಾಂದಾ, ಸಾವಂತವಾಡಿ, ಅಂಬೋಲಿ ಘಾಟು, ಆಜರಾ, ಗಡಹಿಂಗ್ಲಜ. ಅಂಬೋಲಿಯಲ್ಲಿ ಚಹಾಕ್ಕೆ ಎಲ್ಲರೂ ನಿಲ್ಲುತ್ತೇವೆ. ಅಲ್ಲೇ ಒಳದಾರಿಯಲ್ಲಿರುವ ಹಿರಣ್ಯಕೇಶಿ ಗುಡಿಗೆ ಹೋಗುವವರು ಮಾತ್ರ ಕಡಿಮೆ. ನಮ್ಮೂರ ಹೊಳೆ ಹುಟ್ಟುವುದು ಅಲ್ಲಿ. ಗವಿಯಿಂದ ಬರುವ ನೀರು ಶಿವನ ಗುಡಿಯ ಕುಂಡಕ್ಕಿಳಿದು, ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ, ಮುಂದೆ ಘಟಪ್ರಭೆಯನ್ನು ಕೂಡುತ್ತದೆ.

ದೀಪಾವಳಿ ಮುಗಿಸಿ ಅವ್ವನನ್ನು ಮಾಪ್ಸಾಕ್ಕೆ ಕರೆತರುವಾಗ ಮಗ ಹಟ ಹಿಡಿದು ಕಾರನ್ನು ಆ ಕಡೆ ತಿರುಗಿಸಿದ. ಅವನಿಗೆ ಬೇಕಿದ್ದದ್ದು ದೇವರಲ್ಲ, ಮೀನು. ತೇಜಸ್ ಠಾಕ್ರೆ, ಜಯಸಿಂಹನ್ ಪ್ರವೀಣ್‌ರಾಜ್ ಮತ್ತು ಸಂಗಡಿಗರು 2020ರಲ್ಲಿ ಇಲ್ಲಿಯ ಮೀನೊಂದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟರು: ಸ್ಕಿಸ್ಟುರಾ ಹಿರಣ್ಯಕೇಶಿ. ನಮ್ಮ ಹೊಳೆಯ ಹೆಸರು ಹೊತ್ತ ಜೀವ ಒಂದಿದೆ ಎಂದು ಕೇಳಿದಾಗ ನನಗೂ ಎದೆ ತುಂಬಿ ಬಂದಿತ್ತು.

ಕುಂಡದ ಅಂಚಿಗೆ ಮೂವರೂ ಕೂತೆವು. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗಿತ್ತು. ಬೆರಳದ್ದಿದರೆ ಜುಮ್ಮೆನ್ನುವ ತಂಪು. ನನಗೂ ಮಗನಿಗೂ ಕಲ್ಲು, ಕೊಳೆತ ಎಲೆ ಬಿಟ್ಟು ಏನೂ ಕಾಣಲಿಲ್ಲ. ಅವ್ವನದು ಜೀವನವಿಡೀ ಅಕ್ಕಿ ಹಸನು ಮಾಡಿದ ಕಣ್ಣು.

"ಅಲ್ಲೇತಿ ನೋಡೋ, ಆ ಕರೀ ಕಲ್ಲಿನ ಬಾಜೂಕ" ಎಂದಳು.

ಬೆರಳುದ್ದವೂ ಇಲ್ಲದ ಮೈ, ಅದರ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. ಹೊಟ್ಟೆಯನ್ನು ನೆಲಕ್ಕೆ ಊರಿಕೊಂಡು ಸುಮ್ಮನಿತ್ತು. ಸರ್ರನೆ ಒಂದು ಗೇಣು ಸರಿಯಿತು, ಮತ್ತೆ ಸುಮ್ಮನಾಯಿತು. ಬಹಳಷ್ಟು ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲದ ಬಲದಿಂದ ನೀರಿನ ನಡುವೆ ನಿಲ್ಲುತ್ತವೆ. ಈ ಬಳಗದ ಮೀನುಗಳಲ್ಲಿ ಆ ಚೀಲ ಕುಗ್ಗಿ, ಎಲುಬಿನ ಗೂಡಿನೊಳಗೆ ಸೇರಿಹೋಗಿದೆ. ಹಾಗಾಗಿ ಅವು ತೇಲಿ ನಿಲ್ಲಲಾರವು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರುತ್ತ ತಳದಲ್ಲೇ ಬಾಳುತ್ತವೆ. ಜೋರಾಗಿ ಹರಿಯುವ ಹಳ್ಳದಲ್ಲಿ ಇದೇ ಅನುಕೂಲ, ಸೆಳೆತ ಹೊತ್ತೊಯ್ಯುವುದಿಲ್ಲ. ಬಾಯಿಯ ಸುತ್ತ ಮೂರು ಜೊತೆ ಮೀಸೆ. ಸಂದುಗಳಲ್ಲಿ ಅಡಗಿದ ಹುಳುಮರಿಗಳನ್ನು ಆ ಮೀಸೆಯಿಂದ ತಡವಿ ಹಿಡಿಯುತ್ತವೆ. ಕಲ್ಲಿನ ಸಂದೇ ಮನೆ, ಅದೇ ಅಡುಗೆಮನೆ. ಅಲ್ಲಿ ಹೂಳು ತುಂಬಿದರೆ ಎರಡೂ ಹೋದವು.

ಮಗ ಚಪ್ಪಲಿ ಕಳಚಿ ಒಂದು ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಅವ್ವ ತಡೆದಳು. "ಎತ್ತಬ್ಯಾಡ ತಮ್ಮಾ, ಅದರ ಮನಿ ಅದು. ತೋರಿಸ್ಕೊಳ್ಳೂದಿದ್ದರ ಅದs ಬರತೈತಿ."

ಅಷ್ಟರಲ್ಲಿ ಕೆಳಗೆ ನೀರು ಹೊರಬೀಳುವ ಜಾಗದಲ್ಲಿ ಪ್ರವಾಸಕ್ಕೆ ಬಂದ ಯುವಕನೊಬ್ಬ ಶಾಂಪೂ ಪೊಟ್ಟಣ ಹಲ್ಲಿನಿಂದ ಹರಿಯುತ್ತಿದ್ದ. ಅವ್ವ ಗಡಿಯ ಹೆಂಗಸು, ಮರಾಠಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಹತ್ತಿರ ಹೋಗಿ, ಬಾಳಾ, ಈ ನೀರು ನಮ್ಮೂರಿಗೆ ಬರುತ್ತದೆ, ನಾವು ಕುಡಿಯುತ್ತೇವೆ ಎಂದಳು. ದನಿ ಏರಿಸಲಿಲ್ಲ. ಆತ ಪೊಟ್ಟಣವನ್ನು ಜೇಬಿಗಿಟ್ಟುಕೊಂಡ. ಮೀನಿನ ಬಗ್ಗೆ ಹೇಳಿದ್ದರೆ ಕೇಳುತ್ತಿದ್ದನೋ ಇಲ್ಲವೋ, ಕುಡಿಯುವ ನೀರು ಎಂದದ್ದು ನಾಟಿತು.

ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನುಗಳಿಗೆ ನಾವು ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಅವು ದೊಡ್ಡವು, ಮೇಲೆದ್ದು ಬಾಯಿ ತೆರೆಯುತ್ತವೆ, ಭಕ್ತರು ಸಿಗುತ್ತಾರೆ. ಕಣ್ಣಿಗೆ ಬೀಳದ ಈ ಮೀನಿಗೆ ಸಿಕ್ಕದ್ದು ಕಾನೂನಿನ ಆಸರೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ, 2002ರ ಜೀವವೈವಿಧ್ಯ ಕಾಯ್ದೆಯಡಿ, ಇಲ್ಲಿಯ 2.11 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಕುಂಡಕ್ಕೆ ನೀರು ಬರುವುದು ಆ ಎರಡು ಹೆಕ್ಟೇರಿನಿಂದಷ್ಟೇ ಅಲ್ಲ, ಮಳೆಯನ್ನು ಹೀರಿಟ್ಟುಕೊಳ್ಳುವ ಸುತ್ತಲಿನ ಗುಡ್ಡ ಕಾಡಿನಿಂದ. ಆ ಕಾಡು ತೆಳುವಾದರೆ ಬೇಸಿಗೆಯಲ್ಲಿ ಸೆಲೆ ಸೊರಗುತ್ತದೆ. ಮೀನಿಗೂ, ಕೆಳಗಿರುವ ನಮಗೂ ಅದೇ ಗತಿ.

ಮಾಪ್ಸಾ ತಲುಪಿದ ಸಂಜೆ ವಠಾರದ ಹುಡುಗರೆಲ್ಲ ಮಗನ ಸುತ್ತ ನೆರೆದರು. ಗದಗಿನವರ ಹುಡುಗನ ಮನೆಯಲ್ಲಿ ಗಾಜಿನ ತೊಟ್ಟಿಯಿದೆ. "ಬಾಟ್ಲಿಯೊಳಗ ಒಂದೆರಡು ತರಬೇಕಿತ್ತಲ್ಲೋ" ಎಂದ. ಮಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದ: ನೀರು ಬೆಚ್ಚಗಾದಷ್ಟೂ ಅದರೊಳಗಿನ ಆಮ್ಲಜನಕ ಇಳಿಯುತ್ತದೆ, ತಂಪು ಹರಿನೀರಿನ ಮೀನು ಮಾಪ್ಸಾದ ಸೆಕೆಯಲ್ಲಿ ನಿಂತ ನೀರಿನೊಳಗೆ ತಾಳಲಾರದು, ಆ ತಾಣದಿಂದ ಹಿಡಿದು ತರುವಂತೆಯೂ ಇಲ್ಲ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ನಾವs ಹೋಗೂಣು" ಎಂದ. ಕ್ರಿಸ್‌ಮಸ್ ರಜೆಗೆ ಎರಡೂ ಮನೆಯವರು ಅಂಬೋಲಿಗೆ ಹೊರಡುವುದೆಂದು ಗೊತ್ತುಮಾಡಿದ್ದೇವೆ. ಮೀನು ತೋರಿಸುವ ಕೆಲಸ ಅವ್ವನದು.