ಏಡಿ ಕೊರೆದ ತೂತು

ನಾಗರ ಅಮಾವಾಸ್ಯೆಗೆ ಸೋದರಮಾವನ ಮನೆಗೆ ಊಟಕ್ಕೆ ಹೋಗಿದ್ದೆ. ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಗೋವಾಕ್ಕೆ ಬಂದ ಮಾವ ಈಗ ದಿವಾರ್ ದ್ವೀಪದವರೇ ಆಗಿದ್ದಾರೆ. ಓಲ್ಡ್ ಗೋವಾದಲ್ಲಿ ಫೆರ್ರಿ ಹತ್ತಿ ಮಾಂಡವಿ ದಾಟಿದರೆ ದಿವಾರ್.

ಎಲೆ ಮುಂದೆ ಕೂತಿದ್ದೆವು ಅಷ್ಟೆ. ಮನೆ ಮಾಲೀಕರ ಮಗ ಓಡಿ ಬಂದ. ಗದ್ದೆಯ ಒಡ್ಡಿನಲ್ಲಿ ನೀರು ಬರ್ತಿದೆಯಂತೆ.

ಇಲ್ಲಿನ ಖಜಾನ್ ಗದ್ದೆಗಳು ಭರತದ, ಅಂದ್ರೆ ಸಮುದ್ರದ ಉಬ್ಬರದ, ಮಟ್ಟಕ್ಕಿಂತ ತಗ್ಗಿನಲ್ಲಿವೆ. ನದಿಗೂ ಗದ್ದೆಗೂ ನಡುವೆ ಇರೋದು ಮಣ್ಣಿನ ಒಡ್ಡು ಮಾತ್ರ. ನಮ್ಮೂರಲ್ಲಿ ಒಡ್ಡು ಹಾಕೋದು ನೀರು ಹರಿದುಹೋಗದಿರಲಿ ಅಂತ. ಇಲ್ಲಿ ಒಳಗೆ ಬರದಿರಲಿ ಅಂತ. ಅವತ್ತು ಖಾನಾಪುರದ ಕಾಡಿನಲ್ಲಿ ಸುರಿದ ಮಳೆ ಮೇಲಿನಿಂದ ಬರ್ತಿತ್ತು. ಮಾಂಡವಿ ಅಂದ್ರೆ ನಮ್ಮ ಮಹದಾಯಿಯೇ ಅಲ್ವಾ? ಕೆಳಗಿನಿಂದ ಅಮಾವಾಸ್ಯೆಯ ದೊಡ್ಡ ಭರತ.

ತೂತು ಹೆಬ್ಬೆರಳಿನಷ್ಟಿತ್ತು. ಏಡಿ ಕೊರೆದದ್ದು. ನಾನು ಕೆಸರು ಬಾಚಿ ಗದ್ದೆ ಕಡೆಯಿಂದ ಒತ್ತಿದೆ. ನೀರು ಅದನ್ನ ಉಗುಳಿಬಿಟ್ಟಿತು. ಮತ್ತೆ ಒತ್ತಿದೆ. ಮತ್ತೆ ಉಗುಳಿತು. ಮಾವ ನನ್ನ ಕೈ ಹಿಡಿದರು.

"ನೀರು ರಾಡಿ ಐತಿ ನೋಡು. ತಿಳಿ ಇದ್ರ ಅಷ್ಟು ಅಂಜೂದು ಬ್ಯಾಡ. ರಾಡಿ ಅಂದ್ರ ಒಡ್ಡಿನ ಹೊಟ್ಯಾಗಿನ ಮಣ್ಣು ಹೊಂಟೈತಿ."

ಮಾಲೀಕರಾದ ಅಜ್ಜ ಮಾತಾಡಲೇ ಇಲ್ಲ. ಒಡ್ಡು ಹತ್ತಿ, ನದಿ ಕಡೆ ಬಗ್ಗಿ, ಒಂದು ಹಿಡಿ ಹೊಟ್ಟು ಚೆಲ್ಲಿದರು. ಹೊಟ್ಟು ತೇಲಿತು, ನಿಧಾನಕ್ಕೆ ಒಂದು ಕಡೆ ಸೇರಿತು, ಗಿರ್ರನೆ ತಿರುಗಿ ಒಳಗೆ ಮುಳುಗಿತು. ತೂತಿನ ಬಾಯಿ ಅಲ್ಲಿತ್ತು. ಮಾವ ಸೊಂಟದ ಮಟ್ಟ ಇಳಿದರು. ನಾವು ಜಿಗುಟು ಮಣ್ಣಿಗೆ ಹುಲ್ಲು ಕಲಸಿ ಉಂಡೆ ಕಟ್ಟಿ ಕೈಯಿಂದ ಕೈಗೆ ಕೊಟ್ಟೆವು. ಅವರು ಹಿಮ್ಮಡಿಯಿಂದ ತುಳಿದು ತುಂಬಿದರು. ನೀರು ಸಣ್ಣಗಾಯ್ತು. ಆಮೇಲೆ ತಿಳಿಯಾಯ್ತು. ಆಮೇಲೆ ನಿಂತಿತು.

ಮಳೆಗಾಲದಲ್ಲಿ ನದಿ ನೀರಿಗೆ ಉಪ್ಪು ಕಡಿಮೆ, ನಿಜ. ಆದರೆ ಒಡೆದ ಒಡ್ಡನ್ನ ಹಾಗೇ ಬಿಟ್ಟರೆ ಬೇಸಿಗೆಗೆ ಉಪ್ಪು ನೀರು ಗದ್ದೆಯಲ್ಲಿ ನಿಲ್ಲುತ್ತೆ. ಉಪ್ಪು ತಡೆಯೋ ಕೊರ್ಗುಟ್ ಭತ್ತಕ್ಕೂ ಒಂದು ಮಿತಿ ಇದೆ. ಪಕ್ಕದ ಗದ್ದೆ ಹಾಗೇ ಪಾಳು ಬಿದ್ದಿದೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಸಂಜೆ ಇಳಿತಕ್ಕೆ ಅಜ್ಜ ನನ್ನನ್ನ ಮಾನಸ್ ಹತ್ತಿರ ಕರೆದೊಯ್ದರು. ಒಡ್ಡಿನ ನಡುವಿನ ಮರದ ತೂಬು ಬಾಗಿಲದು. ಭರತ ಬಂದಾಗ ನದಿಯ ನೀರೇ ತಳ್ಳಿ ಮುಚ್ಚುತ್ತೆ. ಇಳಿತದಲ್ಲಿ ಗದ್ದೆಯ ನೀರೇ ತಳ್ಳಿ ತೆರೆಯುತ್ತೆ. ಯಾರೂ ಮುಟ್ಟಬೇಕಿಲ್ಲ. ನೋಡ್ತಾ ಇದ್ದ ಹಾಗೆ ಹಲಗೆ ಕಿರ್ ಅಂತು, ಮಳೆನೀರು ನದಿಗೆ ನುಗ್ಗಿತು.

ಮಧ್ಯರಾತ್ರಿ ಮತ್ತೆ ಭರತ. ಮಾವ ಟಾರ್ಚ್ ಹಿಡಿದು ಹೊರಟರು, ನಾನೂ ಹೋದೆ. ತೂತಿದ್ದ ಜಾಗ ತಣ್ಣಗಿತ್ತು. ಅಂಗೈ ಒತ್ತಿ ನೋಡಿದೆ. ಬರೀ ತೇವ.