ಬೆಣ್ಣೆಹಣ್ಣಿನ ಗಿಡಕ್ಕೆ ನಾನೇ ನೀರು ಹಾಕಿ ಸಾಯಿಸಿದ ಕಥೆ

ಬೆಂಗಳೂರಲ್ಲಿ ಚಳಿ ಚಳಿ ಅಂತ ಸ್ವೆಟರ್ ಹಾಕ್ಕೊಂಡು ಓಡಾಡ್ತೀವಿ, ಆದ್ರೆ ಜನವರೀಲೂ ಬೆಳಗಿನ ಜಾವ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ದಾಖಲೆ ಚಳಿ ಅಂದ್ರೂ 1884ರ ಜನವರೀಲಿ 7.8, ಹಾಗಾಗಿ ನಿಂಬೆಗಾಗ್ಲಿ ಬೆಣ್ಣೆಹಣ್ಣಿಗಾಗ್ಲಿ ಚಳಿ ಭಯ ಇಲ್ಲ. ಭಯ ಇರೋದು ನೀರಿಂದು. ನನ್ನ ಮೊದಲ ಬೆಣ್ಣೆಹಣ್ಣಿನ ಗಿಡ ಇಟ್ಟಿದ್ದು ಮನೆ ಕಟ್ಟಿ ಉಳಿದ ಇಟ್ಟಿಗೆ ಚೂರಿನ ಮೇಲೆ ಕೆಂಪು ಮಣ್ಣು ಸುರಿದಿದ್ದ ಜಾಗದಲ್ಲಿ, ಮಳೆಗಾಲದಲ್ಲಿ ನೀರು ಇಳೀಲೇ ಇಲ್ಲ, ಎಲೆ ಜೋತು ಬಿದ್ದಿದ್ದು ನೋಡಿ ಬಾಯಾರಿಕೆ ಅನ್ಕೊಂಡು ನಾನು ಇನ್ನೊಂದು ಬಕೆಟ್ ಸುರಿದೆ! ಕಿತ್ತು ನೋಡಿದ್ರೆ ಸಣ್ಣ ಬೇರೆಲ್ಲ ಕಪ್ಪು, ಮುಟ್ಟಿದ್ರೆ ಮುರಿಯೋದು. ಫೈಟಾಫ್ತೊರಾ, ಬೇರು ಕೊಳೆ ರೋಗ. ಈಗಿಂದು ಒಂದೂವರೆ ಅಡಿ ದಿಬ್ಬದ ಮೇಲಿದೆ, ಸುತ್ತ ಒಣ ಎಲೆ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ.

ಹೂವಿನ ಆಟ ಬೇರೆ ಇದೆ. ಒಂದೇ ಹೂವು ಮೊದ್ಲು ಹೆಣ್ಣಾಗಿ ಅರಳಿ ಮುಚ್ಕೊಂಡು ಮಾರನೇ ದಿನ ಗಂಡಾಗಿ ಅರಳತ್ತೆ, ಎ ಗುಂಪಿನ ತಳಿ ಹೆಣ್ಣಾಗಿರೋ ಹೊತ್ತಿಗೆ ಬಿ ಗುಂಪಿಂದು ಗಂಡಾಗಿರತ್ತೆ, ಅದಕ್ಕೇ ಹಾಸ್ ಥರದ ಎ ಗುಂಪಿನ ತಳಿ ಜೊತೆ ಫ್ಯುಯೆರ್ಟೆ ಥರದ ಬಿ ಗುಂಪಿನ ಗಿಡ ಹತ್ರ ಇದ್ರೆ ಕಾಯಿ ಚೆನ್ನಾಗಿ ಕಚ್ಚತ್ತೆ. 30-40 ಸೈಟಲ್ಲಿ ಎರಡು ಮರ ಎಲ್ಲಿ ಸ್ವಾಮಿ?

ನಿಂಬೆ ಪರವಾಗಿಲ್ಲ, ಬಿಸಿಲು ಸಿಕ್ರೆ ಸಾಕು. ಚಿಗುರಲ್ಲಿ ಹಕ್ಕಿ ಹಿಕ್ಕೆ ಥರ ಕಂಡಿದ್ದನ್ನ ಕಡ್ಡೀಲಿ ಮುಟ್ಟಿದೆ, ತಲೆ ಹಿಂದಿಂದ ಕೊಂಬು ಥರ ಎರಡು ಚಾಚಿ ಗಬ್ಬು ವಾಸನೆ ಬಿಡ್ತು. ನಿಂಬೆ ಚಿಟ್ಟೆ ಹುಳ. ಅಮ್ಮ ಮಾತ್ರ "ಪಾಪ ಬಿಡೋ, ಚಿಟ್ಟೆ ಆಗತ್ತೆ" ಅಂತಾರೆ, ಉಪ್ಪಿನಕಾಯಿಗೆ ಕಾಯಿ ಸಾಲ್ದಾಗ ಬೈಯೋದೂ ಅವ್ರೇ.